ಆ ಒಂದು ಶಬ್ದ ಬಿಟ್ಟು

ಶನಿವಾರ ಬೆಳಿಗ್ಗೆ ಬಸ್ಸು ಮರವಂತೆಗೆ ಬರುವ ಹೊತ್ತಿಗೆ ಸರಿಯಾಗಿ ಶ್ರೀಲತಾಳ ಮಡಿಲಲ್ಲಿದ್ದ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ತೆಗೆದು ನೋಡಬೇಕೆಂದೇನೂ ಇರಲಿಲ್ಲ. ಎರಡು ವರ್ಷದಿಂದ ಪ್ರತಿ ಶನಿವಾರ, ಬಲಕ್ಕೆ ಕಡಲು ಎಡಕ್ಕೆ ಹೊಳೆ ಇರುವ ಈ ಜಾಗದ ಆಚೆ ಈಚೆಯಲ್ಲೇ ಅದು ಬರುತ್ತಿತ್ತು. ಎಲ್ಲೋ ದೂರದೇಶದ ಒಂದು ಯಂತ್ರ ವಾರವಿಡೀ ಲೋಕದ ವೈದ್ಯಕೀಯ ಪತ್ರಿಕೆಗಳನ್ನೆಲ್ಲ ಜಾಲಾಡಿ, ಅವಳು ತನ್ನ ಸ್ವಂತ ಖಾತೆಯಲ್ಲಿ ಬರೆದಿಟ್ಟ ಪದಗಳಿಗೆ ಹೊಂದುವ ಲೇಖನಗಳನ್ನು ಆರಿಸಿ ಪಟ್ಟಿ ಕಳಿಸುತ್ತದೆ. ಈ ಹುಡುಕಾಟಕ್ಕೊಂದು ಹೆಸರು ಕೊಡಿ ಎಂದು ಖಾತೆ ಕೇಳಿದಾಗ ಅವಳು ‘ಅಣ್ಣ’ ಎಂದು ಬರೆದಿದ್ದಳು. ಹಾಗಾಗಿ ಮೇಲ್ ಬರುವುದೂ ಹಾಗೆಯೇ: ಅಣ್ಣ, ಈ ವಾರ ಹೊಸತು ನಾಲ್ಕು. ಪಕ್ಕದಲ್ಲಿ ಕೂತವರು ಕಣ್ಣು ಹಾಯಿಸಿದರೆ ಅಣ್ಣನೇ ಏನೋ ಬರೆದು ಕಳಿಸಿದ್ದಾನೆ ಎಂದುಕೊಳ್ಳಬೇಕು. ಅವಳು ಫೋನನ್ನು ಮಗುಚಿಟ್ಟಳು. ತ್ರಾಸಿ ದಾಟಿದ ಮೇಲೆ ತೆಗೆದಳು.

ನಾಲ್ಕರಲ್ಲಿ ಎರಡು ಇಲಿಗಳ ಮೇಲೆ ಮಾಡಿದ ಪ್ರಯೋಗ, ಒಂದು ಕೆಮ್ಮಿನ ಬಗ್ಗೆ ಜಪಾನಿನವರು ಕೇಳಿದ ಪ್ರಶ್ನೆಗಳು, ಇನ್ನೊಂದು ಎದೆಯ ಸ್ಕ್ಯಾನ್ ಮಾಡುವಾಗ ರೋಗಿಯನ್ನು ಹೇಗೆ ಮಲಗಿಸಬೇಕು ಎಂಬುದರ ಕುರಿತು. ಖಾತೆಯಲ್ಲಿ ಅವಳು ಮೂರು ಪೆಟ್ಟಿಗೆ ಮಾಡಿಕೊಂಡಿದ್ದಳು: ‘ಅಣ್ಣನಿಗೆ ಹೇಳುವುದು’, ‘ಆಮೇಲೆ ನೋಡುವುದು’, ‘ಇಲಿ’. ಮೂರರಲ್ಲಿ ಇಲಿಯದೇ ದೊಡ್ಡದು. ಲೋಕದ ಇಲಿಗಳಿಗೆಲ್ಲ ಈ ಕಾಯಿಲೆ ಬಂದು ವಾಸಿಯೂ ಆಗಿತ್ತು, ಉಪ್ಪುಂದದ ಚಂದ್ರನೊಬ್ಬನನ್ನು ಬಿಟ್ಟು. ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತ ಬರುತ್ತದೆ, ಯಾಕೆಂದು ಕೇಳಬೇಡಿ, ನಮಗೂ ಗೊತ್ತಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ಅವಳು ಈ ಖಾತೆ ತೆರೆದದ್ದು. ಬ್ರಹ್ಮಾವರದ ಹತ್ತಿರದ ನರ್ಸಿಂಗ್ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಲೈಬ್ರೇರಿಯನ್. ಬೇರೆಯವರಿಗೆಂದು ಎಷ್ಟೋ ಹುಡುಕಿಕೊಟ್ಟಿದ್ದಾಳೆ. ಮನೆಯವರಿಗೆಂದು ಹುಡುಕಿದ್ದು ಅದೇ ಮೊದಲು. ಅಪ್ಪ ಇಲ್ಲದ ಮೇಲೆ ಬಲೆ ಬೀಸಿ ತನ್ನನ್ನು ಓದಿಸಿದವನಿಗಾಗಿ ತಾನೂ ಒಂದು ಬಲೆ ಬೀಸಿದ್ದೇನೆ ಎಂದು ಆಗ ಅನ್ನಿಸಿತ್ತು, ಹಾಗೆ ಅನ್ನಿಸಿದ್ದಕ್ಕೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಈಗ ಹೆಬ್ಬೆರಳಿನಿಂದ ಎರಡು ಇಲಿಯನ್ನು ಇಲಿಯ ಪೆಟ್ಟಿಗೆಗೆ ತಳ್ಳಿ, ಕೆಮ್ಮಿನದನ್ನು ‘ಅಣ್ಣನಿಗೆ ಹೇಳುವುದು’ ಎಂಬಲ್ಲಿ ಇಟ್ಟಳು. ಹೇಳಲಿಕ್ಕೆ ಏನಾದರೂ ಬೇಕಲ್ಲ.

ಬೆಳಿಗ್ಗೆ ಹೊರಡುವಾಗಲೂ ಎಲ್ಲ ಎಂದಿನಂತೆಯೇ ಇತ್ತು. ಚಂದ್ರ ಜಗಲಿಯ ಕುರ್ಚಿಯಲ್ಲಿ, ಮೂಗಿಗೆ ನಳಿಗೆ, ಕಾಲ ಬಳಿ ಗುರುಗುಡುವ ಆಕ್ಸಿಜನ್ ಮಿಷನ್ನು. “ಬತ್ತೆ ಅಣ್ಣ” ಎಂದಳು. “ಬಾ” ಎಂದ. ಹೊರಡುವವರು ಬರುತ್ತೇನೆ ಎನ್ನಬೇಕು, ಇರುವವರು ಬಾ ಎನ್ನಬೇಕು. ಆ ಮನೆಯಲ್ಲಿ ಹೋಗುತ್ತೇನೆ ಎಂಬ ಮಾತನ್ನು ಯಾರೂ ಆಡಿದ್ದಿಲ್ಲ. ಕಡಲಿಗೆ ಇಳಿಯುವ ಮನೆ. ಅಮ್ಮ ಮುತ್ತುವಿಗೆ ಈ ವಿಷಯದಲ್ಲಿ ರಾಜಿಯೇ ಇಲ್ಲ. ಅಕ್ಕಿ ಮುಗಿದರೆ ತುಂಬಿತು ಎನ್ನಬೇಕು, ಬಳೆ ಒಡೆದರೆ ಹೆಚ್ಚಿತು ಎನ್ನಬೇಕು, ದೀಪ ಆರಿಸುವುದೆಂದರೆ ದೊಡ್ಡದು ಮಾಡುವುದು. ಊರಲ್ಲಿ ಯಾರಾದರೂ ತೀರಿಕೊಂಡರೆ ಅಮ್ಮ ಆ ಮನೆಯ ದಿಕ್ಕಿಗೆ ಗಲ್ಲ ಎತ್ತಿ “ಅಲ್ಲಿ ಆಯ್ತಂಬ್ರ್” ಎನ್ನುತ್ತಾಳೆ, ಅಷ್ಟೇ. ಎಂಟು ವರ್ಷದವಳಿದ್ದಾಗ ಶ್ರೀಲತಾ ದೋಣಿಗೆ ಹೊರಟ ಅಪ್ಪನ ಬೆನ್ನಿಗೆ “ಅಪ್ಪ, ಎಲ್ಲಿಗ್ ಹೋಪ್ದ್?” ಎಂದು ಕೂಗಿ ಕೇಳಿಬಿಟ್ಟಿದ್ದಳು. ಸಂಜೆ ಅಪ್ಪ ಬಂದರು, ಬಲೆ ಬರಲಿಲ್ಲ. ಕಲ್ಲಿಗೆ ಸಿಕ್ಕಿ ಹರಿದು ಹೋಗಿತ್ತು. ಅಮ್ಮ ಹೊಡೆಯಲಿಲ್ಲ, ಬೈಯಲಿಲ್ಲ, ಎರಡು ದಿನ ಬಡಿಸುವಾಗ ಅವಳ ಮುಖ ನೋಡಲಿಲ್ಲ. ಮೂರನೆಯ ದಿನ ಚಂದ್ರ, ಆಗಿನ್ನೂ ಹದಿನಾಲ್ಕರ ಹುಡುಗ, ತನ್ನ ಪಾಲಿನ ಮೀನಿನ ತುಂಡನ್ನು ಅವಳ ತಟ್ಟೆಗೆ ಹಾಕಿ, “ಬಲೆ ಸಿಕ್ಕದ್ ಕಲ್ಲಿಗೆ, ನಿನ್ ಬಾಯಿಗಲ್ಲ” ಎಂದಿದ್ದ. ಅವನ ಮಾತನ್ನು ನಂಬಲು ಅವಳಿಗೆ ಮೂವತ್ತು ವರ್ಷದಿಂದ ಆಸೆ. ಆದರೆ ನಂಬಿದ್ದು ಅಮ್ಮನ ಮುಖವನ್ನೇ.

ಹತ್ತೂವರೆಗೆ ಹೊಸ ಬ್ಯಾಚಿನ ಹುಡುಗಿಯರಿಗೆ ಪಾಠವಿತ್ತು. ಪ್ರತಿ ವರ್ಷ ಅದೇ ಪಾಠ: ಲೇಖನ ಹುಡುಕುವುದು ಹೇಗೆ, ಸ್ವಂತ ಖಾತೆ ಮಾಡಿಕೊಳ್ಳುವುದು ಹೇಗೆ, ಹುಡುಕಿದ್ದನ್ನು ಉಳಿಸಿ ಪೆಟ್ಟಿಗೆ ಪೆಟ್ಟಿಗೆಯಾಗಿ ಜೋಡಿಸುವುದು ಹೇಗೆ. ತೋರಿಸಲಿಕ್ಕೆ ಕಾಲೇಜಿನದೇ ಒಂದು ಖಾತೆಯುಂಟು. ಇವತ್ತು ಅದು ತೆರೆಯಲಿಲ್ಲ. ಅದರ ಒಟಿಪಿ ಪ್ರಿನ್ಸಿಪಾಲ್ ಪ್ರೇಮಾನಂದರ ಫೋನಿಗೆ ಹೋಗುತ್ತದೆ, ಪ್ರೇಮಾನಂದರು ಶಿರೂರಿನಲ್ಲಿ ಯಾರದೋ ಮದುವೆಗೆ ಹೋಗಿದ್ದಾರೆ, ಫೋನು ಎತ್ತುವುದಿಲ್ಲ. ಮೂವತ್ತೆಂಟು ಹುಡುಗಿಯರು ಸೆಕೆಗೆ ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುತ್ತ ಕಾಯುತ್ತಿದ್ದರು. ಜೂನ್ ಬಂದರೂ ಈ ವರ್ಷ ಮಳೆ ಹಿಡಿದಿರಲಿಲ್ಲ. ಹೆಚ್ಚು ಯೋಚಿಸದೆ ಅವಳು ತನ್ನದೇ ಖಾತೆ ತೆರೆದು ಪ್ರೊಜೆಕ್ಟರ್ ಹಾಕಿದಳು. ಒಳ್ಳೆಯ ಪಾಠವನ್ನೇ ಮಾಡಿದಳು, ಅದನ್ನು ಹೇಳಬೇಕು. ಎರಡು ಪದವನ್ನು ಆಂಡ್ ಹಾಕಿ ಸೇರಿಸುವುದು, ಆರ್ ಹಾಕಿ ಅಗಲ ಮಾಡುವುದು. “ಇನ್ನು ನಾಟ್. ಇದು ಬೇಡದ್ದನ್ನು ತೆಗೆದುಹಾಕ್ತದೆ. ಬಳಸ್ಲಿಕ್ಕೆ ಬಹಳ ಸುಲಭ, ಅದಕ್ಕೇ ಬಳಸಬೇಡಿ. ಬೇಡದ್ದರ ಒಟ್ಟಿಗೆ ಬೇಕಾದದ್ದೂ ಹೋಗ್ತದೆ. ಹೋದದ್ದು ನಿಮಗೆ ಗೊತ್ತೇ ಆಗುದಿಲ್ಲ.” ಹನ್ನೊಂದು ವರ್ಷದಿಂದ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿ ಹೇಳಿ, ಹೇಳುವಾಗ ತಾನೇ ಕೇಳಿಸಿಕೊಳ್ಳುವ ಅಭ್ಯಾಸ ತಪ್ಪಿ ಹೋಗಿತ್ತು. ಆಮೇಲೆ, ಉಳಿಸಿಟ್ಟ ಹುಡುಕಾಟ ಎಲ್ಲಿ ಸಿಗುತ್ತದೆ ನೋಡಿ ಎನ್ನುತ್ತ ಆ ಪುಟವನ್ನು ಒತ್ತಿದಳು.

ಗೋಡೆಯ ತುಂಬ ‘ಅಣ್ಣ’ ಎಂದು ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅದರ ಕೆಳಗೆ ಕಾಯಿಲೆಯ ಉದ್ದನೆಯ ಹೆಸರು, ಅದರ ಮುಂದೆ ಮೂರು ನಾಟ್. ಡೆತ್ ಬೇಡ, ಮಾರ್ಟಾಲಿಟಿ ಬೇಡ, ಸರ್ವೈವಲ್ ಬೇಡ. ಮೊದಲ ಬೆಂಚಿನ ಪ್ರೇಕ್ಷಾ, ಸಾಲಿಗ್ರಾಮದಿಂದ ಬರುವ ಹುಡುಗಿ, ಕೇಳಿದ್ದನ್ನೆಲ್ಲ ಬರೆದುಕೊಳ್ಳುವವಳು, ಗೋಡೆ ನೋಡಿ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿದಳು.

“ಮೇಡಂ, ಇದ್ರಲ್ಲಿ ನಾಟ್ ಇತ್ತಲ್ದಾ. ನೀವ್ ಈಗ್ಲೇ ಬೇಡ ಅಂದ್ರಿ.”

ಶ್ರೀಲತಾ ಪುಟ ಬದಲಿಸಲು ಹೋದಳು. ಮೌಸು ಸಿಗಬೇಕಾದಲ್ಲಿ ಸಿಗಲಿಲ್ಲ.

“ಸಾವ್ ತೆಗ್ದ್ರೆ ಮದ್ದಿನ ಪ್ರಯೋಗ ಎಲ್ಲ ಹೋತಿಲ್ಯಾ ಮೇಡಂ? ಮದ್ದ್ ಒಳ್ಳೇದಾ ಅಲ್ದಾ ಅಂತ ಕಾಂಬುದೇ ಎಷ್ಟ್ ಜನ ಸತ್ರ್, ಎಷ್ಟ್ ಜನ ಉಳ್ದ್ರ್ ಅಂತ ಅಲ್ದಾ?” ಹುಡುಗಿಯ ಮುಖದಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಬೈದು ಕೂರಿಸಬಹುದಿತ್ತು.

“ಅದು ತಪ್ಪು ಉದಾಹರಣೆ,” ಎಂದಳು ಶ್ರೀಲತಾ. “ಹೀಗೆ ಮಾಡಬಾರದು ಅಂತ ತೋರಿಸ್ಲಿಕ್ಕೇ ಇಟ್ಟದ್ದು.” ದನಿ ಎಲ್ಲಿಯೂ ಅಲುಗಲಿಲ್ಲ, ಸುಳ್ಳು ಹೇಳುವಾಗ ತನ್ನ ದನಿ ಇಷ್ಟು ಗಟ್ಟಿ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೇ? ಶನಿವಾರ ಶನಿವಾರ ಜಗಲಿಯಲ್ಲಿ ಕೂತು ಅಣ್ಣನಿಗೆ ಏನೂ ಬರಲಿಲ್ಲ ಎಂದ ದನಿ ಮತ್ತೆ ಯಾವುದು? ಮೂವತ್ತೆಂಟು ತಲೆ ಒಟ್ಟಿಗೆ ಬಗ್ಗಿತು. ಮೂವತ್ತೆಂಟು ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಅಡಿಗೆರೆ ಎಳೆದು ಬರೆದುಕೊಂಡರು: ತಪ್ಪು ಉದಾಹರಣೆ, ಅಣ್ಣ.

ಒಂದು ಗಂಟೆಗೆ ಕಾಲೇಜು ಖಾಲಿಯಾಯಿತು. ಅವಳು ಲೈಬ್ರರಿಯ ಬಾಗಿಲು ಅರ್ಧ ಎಳೆದು ಕಂಪ್ಯೂಟರಿನ ಎದುರು ಕೂತಳು. ಆ ಮೂರು ನಾಟ್ ಬಂದದ್ದು ಒಂದೂವರೆ ವರ್ಷದ ಹಿಂದೆ. ಆಗ ಹೀಗೆಯೇ ಬಸ್ಸಿನಲ್ಲಿ, ಹೆಮ್ಮಾಡಿಯಲ್ಲಿ ಜನ ನುಗ್ಗಿ ನಿಲ್ಲಲೂ ಜಾಗವಿಲ್ಲದಾಗ, ಮೇಲ್ ತೆಗೆದಿದ್ದಳು. ಮೊದಲ ಲೇಖನದ ಹೆಸರಿನಲ್ಲೇ ಆ ಶಬ್ದ, ಅದರ ಪಕ್ಕ ಇಷ್ಟು ವರ್ಷ, ನೂರಕ್ಕೆ ಇಷ್ಟು ಜನ ಎಂಬ ಲೆಕ್ಕ. ಓದಿದ್ದು ಒಂದೇ ಸಾಲು. ಕುಂದಾಪುರದಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತವಳು ಎರಡು ಬಸ್ಸು ಬಿಟ್ಟಳು. ಸಂಜೆ ಮನೆಯಲ್ಲಿ ಅಮ್ಮ, ಯಾರದೋ ಹತ್ತಿರ ಮಾತಾಡಬೇಕು, ಫೋನ್ ಕೊಡು ಎಂದು ಕೈಚಾಚಿದಾಗ ಅವಳಿಗೆ ಕೊಡಲಾಗಲಿಲ್ಲ. ಆ ಶಬ್ದ ಇನ್ನೂ ಅದರೊಳಗೆ ಕೂತಿದೆ, ಅಮ್ಮನ ಕೈಗೆ ಹೋಗುತ್ತದೆ, ಅಲ್ಲಿಂದ ಮನೆಗೆ ಇಳಿಯುತ್ತದೆ ಎಂದು ಮೈ ಬೆವರಿತ್ತು. ಚಾರ್ಜ್ ಇಲ್ಲ ಎಂದು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಹುಡುಕಾಟದ ಕೊನೆಗೆ ಆ ಮೂರನ್ನು ಸೇರಿಸಿದಳು. ಸರ್ವೈವಲ್ ಎಂದರೆ ಬದುಕುವುದೇ. ಆದರೂ ಅದು ಯಾವಾಗಲೂ ಸಾವಿನ ಮಗ್ಗುಲಲ್ಲೇ ನಿಂತಿರುತ್ತಿತ್ತು, ಅದನ್ನೂ ಹೊರಗೆ ಹಾಕಿದಳು. ಒಂದು ತಿಂಗಳು ಅಷ್ಟೇ, ಸ್ವಲ್ಪ ಸುಧಾರಿಸಿಕೊಂಡು ತೆಗೆದರಾಯಿತು ಎಂದುಕೊಂಡಿದ್ದಳು. ಮರುವಾರದ ಮೇಲ್‌ನಲ್ಲಿ ಬರೀ ಇಲಿಗಳು ಬಂದವು. ಅವಳಿಗೆ ಎಷ್ಟು ಹಗುರವಾಯಿತೆಂದರೆ ಆ ಸಂಜೆ ಮನೆಗೆ ಹೋಳಿಗೆ ಕೊಂಡುಹೋಗಿದ್ದಳು. ಹೋಳಿಗೆ ಯಾಕೆ ಹೆಣೆ ಎಂದು ಅಮ್ಮ ಕೇಳಿದ್ದಕ್ಕೆ ಸುಮ್ಮನೆ ಎಂದಿದ್ದಳು. ಮರೆತೆ ಎಂದು ಈಗ ಹೇಳಿಕೊಳ್ಳಬಹುದು. ಮರೆತಿರಲಿಲ್ಲ. ಹೋದ ವರ್ಷದ ಜೂನಿನಲ್ಲೂ ಹುಡುಗಿಯರಿಗೆ ನಾಟ್ ಪಾಠ ಮಾಡುವಾಗ ಒಂದು ಕ್ಷಣ ಎಲ್ಲೋ ಚುಚ್ಚಿತ್ತು, ಚುಚ್ಚಿದ್ದನ್ನು ಸೆಕೆಯ ಮೇಲೆ ಹಾಕಿ ಮುಂದೆ ಹೋಗಿದ್ದಳು.

ಮೂರನ್ನೂ ಅಳಿಸಿ ಮತ್ತೆ ಹುಡುಕಿದಳು. ಕಳೆದ ಒಂದೂವರೆ ವರ್ಷದ್ದು ಮಾತ್ರ. ಇನ್ನೂರ ಚಿಲ್ಲರೆ ಇದ್ದದ್ದು ಸಾವಿರದ ಮೇಲೆ ಹೋಯಿತು. ಒಂದೊಂದೇ ತೆಗೆಯುತ್ತ ಹೋದಳು, ಮೂರು ಗಂಟೆಯ ಸುಮಾರಿಗೆ ಅದು ಸಿಕ್ಕಿತು. ಹುಡುಕಿ ತೆಗೆದದ್ದಲ್ಲ, ಅಲ್ಲೇ ಇತ್ತು. ಹೊಸದೊಂದು ಗುಳಿಗೆಯನ್ನು ಜನರಿಗೆ ಕೊಟ್ಟು ನೋಡುವ ಪ್ರಯೋಗ, ನಮ್ಮ ದೇಶದಲ್ಲೂ ಆರು ಕಡೆ, ಅದರಲ್ಲಿ ಒಂದು ಬೆಳಿಗ್ಗೆ ಉಪ್ಪುಂದ ಬಿಟ್ಟರೆ ಸಂಜೆಗೆ ಮರಳಬಹುದಾದ ಊರಿನಲ್ಲಿ. ಸೇರಲು ಬಯಸುವವರು ತಾವೇ ಬರೆಯಬಹುದು ಎಂದು ವಿಳಾಸ ಕೊಟ್ಟಿದ್ದರು. ಪ್ರಕಟವಾದದ್ದು ಹೋದ ವರ್ಷದ ಮಾರ್ಚ್. ಅದೇ ವರ್ಷದ ಡಿಸೆಂಬರಿನವರೆಗೆ ರೋಗಿಗಳನ್ನು ಸೇರಿಸಿಕೊಳ್ಳುತ್ತಾರೆ. ವಯಸ್ಸು ನಲವತ್ತು ದಾಟಿರಬೇಕು, ಊದುವ ಟೆಸ್ಟಿನಲ್ಲಿ ಶ್ವಾಸಕೋಶದ ಬಲ ನೂರಕ್ಕೆ ಐವತ್ತರ ಮೇಲಿರಬೇಕು. ಮದ್ದು ಕೆಲಸ ಮಾಡಿತೋ ಇಲ್ಲವೋ ಎಂದು ಅಳೆಯುವುದು ಯಾವುದರಿಂದ ಎಂಬಲ್ಲಿ ಒಂದೇ ಪದ ಬರೆದಿದ್ದರು. ಅವಳು ಹೊರಗೆ ಹಾಕಿದ ಪದ. ಫೋನಿನಲ್ಲಿ ಅಣ್ಣನ ರಿಪೋರ್ಟುಗಳ ಫೋಟೋ ಇತ್ತು. ನೋಡುವ ಅಗತ್ಯವಿಲ್ಲ, ಬಾಯಿಪಾಠ ಬರುತ್ತದೆ, ಆದರೂ ತೆಗೆದು ನೋಡಿದಳು. ಹೋದ ವರ್ಷದ ಏಪ್ರಿಲ್, ಐವತ್ತೆಂಟು. ಈ ವರ್ಷದ ಏಪ್ರಿಲ್, ಮೂವತ್ತನಾಲ್ಕು. ಲೇಖನವನ್ನು ಯಾವ ಪೆಟ್ಟಿಗೆಗೆ ಹಾಕಬೇಕು ಎಂದು ಖಾತೆ ಕೇಳುತ್ತಿತ್ತು. ಮೂರರ ಹೆಸರನ್ನೂ ತೋರಿಸಿ ಕಾಯುತ್ತಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಗಬಾರದಿತ್ತು ಅನ್ನಿಸಿತು. ಕೋಟ, ತೆಕ್ಕಟ್ಟೆ, ಕೋಟೇಶ್ವರ ಎಂದು ಕಂಡಕ್ಟರ್ ಕೂಗುತ್ತಿದ್ದ. ಹೇಳದೆ ಇರಬಹುದು. ಗುಳಿಗೆ ಕೆಲಸ ಮಾಡಿತೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ, ಫಲಿತಾಂಶ ಬಂದಿಲ್ಲ. ಸೇರಿದ್ದರೂ ಅರ್ಧ ಜನಕ್ಕೆ ಬರೀ ಸಕ್ಕರೆಯ ಗುಳಿಗೆ ಕೊಡುತ್ತಾರೆ, ಅಣ್ಣನಿಗೆ ಅದೇ ಸಿಗುತ್ತಿತ್ತೋ ಏನೋ. ಹೀಗೆ ಒಂದೊಂದಾಗಿ ಜೋಡಿಸಿಕೊಂಡಳು. ಜೋಡಿಸುವುದು ಅವಳ ಕಸುಬಲ್ಲವೇ. ಆದರೆ ಅವನು ಆ ದಿನಗಳಲ್ಲಿ ನಡೆಯುತ್ತಿದ್ದ. ಹೋದ ವರ್ಷದ ಮಾರ್ಚಿನಲ್ಲಿ ನಿಧಾನ ಮಾಡುತ್ತ, ತೆಂಗಿನ ಮರಕ್ಕೆ ಕೈಕೊಟ್ಟು ನಿಂತು, ದಡಕ್ಕೆಳೆದು ಗರಿ ಮುಚ್ಚಿಟ್ಟ ತನ್ನ ದೋಣಿಯವರೆಗೆ ಹೋಗಿ ಅದರ ಮೈ ಮುಟ್ಟಿ ಬರುತ್ತಿದ್ದ. ಬಸ್ಸು ಹತ್ತುತ್ತಿದ್ದ. ನಾನೇ ಕೈಹಿಡಿದು ಕರೆದುಕೊಂಡು ಹೋಗಬಹುದಿತ್ತು ಎಂಬಲ್ಲಿಗೆ ಬಂದು ಜೋಡಿಸಿದ್ದೆಲ್ಲ ಕುಸಿಯುತ್ತಿತ್ತು. ಅವಳಿಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಬರೀ ನಾಚಿಕೆ. ಸಾವಿರ ಜನರ ಎದುರು ಸೀರೆ ಜಾರಿದಂಥದ್ದು.

ಮನೆಗೆ ಬಂದಾಗ ಅಮ್ಮ ಒಳಗೆ ದೀಪದ ಬತ್ತಿ ಹೊಸೆಯುತ್ತಿದ್ದಳು. ಅತ್ತಿಗೆ ಪುಷ್ಪ ಬಾವಿಕಟ್ಟೆಯಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಚಂದ್ರ ಕುರ್ಚಿಯಲ್ಲಿ ಕಡಲಿನ ಕಡೆಗೆ ಮುಖ ಮಾಡಿ ಕೂತಿದ್ದ. ಅವಳು ಎಂದಿನಂತೆ ಕೈಕಾಲು ತೊಳೆದು ಮೆಟ್ಟಿಲ ಮೇಲೆ ಕೂತಳು.

“ಎಂತಾರು ಬಂತಾ?” ಎಂದು ಕೇಳಿದ.

ಎರಡು ವರ್ಷದ ಶನಿವಾರಗಳಲ್ಲಿ ಇದಕ್ಕೆ ಉತ್ತರ ಒಂದೇ. ಎಂತ ಬರ್ಲಿಲ್ಲ ಅಣ್ಣ, ಇಲಿಗೆ ಗುಣ ಆಯ್ತಂಬ್ರ್. ಹಾಂಗಾರೆ ನಾನೂ ಇಲಿ ಆಯ್ಕ್ ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು.

“ಒಂದ್ ಮದ್ದ್ ಬಂದಿತ್ತ್ ಅಣ್ಣ,” ಎಂದಳು. “ಹ್ವಾದ್ ವರ್ಷ. ಜನರಿಗೆ ಕೊಟ್ಟ್ ಕಾಂತಿದ್ರ್. ಇಲ್ಲಿಂದ ಬೆಳಿಗ್ಗೆ ಹ್ವಾರೆ ಸಂಜಿಗೆ ಬಪ್ಪಷ್ಟ್ ದೂರ. ನಿನ್ನ ಸೇರ್ಸ್ಕಂತಿದ್ರ್. ನಾನ್ ಕಾಣ್ಲಿಲ್ಲ.”

“ಈಗ?”

“ಡಿಸೆಂಬರಿಗೇ ಮುಗ್ತ್.”

ಮಿಷನ್ನು ಗುರುಗುಟ್ಟಿತು. ಅವನು ಎರಡು ಉಸಿರು ತೆಗೆದುಕೊಂಡ. “ಕಾಣ್ಲಿಲ್ಲ ಅಂದ್ರೆ ಎಂತ? ವಾರ ವಾರ ಕಾಂತಿದ್ಯಲ್ದಾ?”

“ಕೆಲವ್ ಶಬ್ದ ಇದ್ದದ್ ನಂಗ್ ಬೇಡ ಅಂದೇಳಿ ಹಾಕಿದ್ದೆ. ಆ ಶಬ್ದ ಇದ್ದದ್ ಯಾವ್ದೂ ಬತ್ತಿರ್ಲಿಲ್ಲ.”

“ಯಾವ್ ಶಬ್ದ?”

ಅವಳು ಒಳಗೆ ನೋಡಿದಳು. “ಸಾವ್ ಅಂಬ್ದ್” ಎಂದಳು.

ಒಳಗೆ ಅಮ್ಮನ ಕೈ ನಿಂತಿತು. “ದೀಪ ಹಚ್ಚು ಹೊತ್ತಿಗೆ ಎಂತ ಮಾತ್ ಹೆಣೆ ಅದ್? ಬಾಯಿ ತೊಳ್ಕೊ ಹೋಗ್—” ಎಂದವಳು ತಾನೇ ಆಡಿದ ಕೊನೆಯ ಮಾತಿಗೆ ಬೆಚ್ಚಿ, “ತೊಳ್ಕಂಡ್ ಬಾ” ಎಂದು ತಿದ್ದಿಕೊಂಡಳು.

ಚಂದ್ರ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಅವನನ್ನು ಕುರ್ಚಿಯಲ್ಲಿ ಮುಂದಕ್ಕೆ ಮಡಚಿತು. ಪುಷ್ಪ ಬುಟ್ಟಿ ಬಿಟ್ಟು ಓಡಿ ಬಂದು ಬೆನ್ನು ನೀವಿದಳು. ಶ್ರೀಲತಾ ಎದ್ದು ನಿಂತವಳು ಮುಟ್ಟಲು ಹೋಗಲಿಲ್ಲ; ಮುಟ್ಟುವ ಹಕ್ಕು ಹೋಯಿತು ಎಂಬಂತೆ ಕೈ ಸೆರಗಿನಲ್ಲೇ ಉಳಿಯಿತು. ಕೆಮ್ಮು ಇಳಿದ ಮೇಲೆ ಅವನು ಮೂಗಿನ ನಳಿಗೆ ಸರಿಮಾಡಿಕೊಂಡ.

“ಈಗ ಅದ್ನ್ ಹಾಕಿ ಹುಡ್ಕ್,” ಎಂದ. “ನಂಗ್ ಇನ್ನ್ ಎಷ್ಟ್ ಸಮಯ ಇತ್ತ್ ಅಂದೇಳಿ ಹುಡ್ಕ್.”

“ಬೇಡ ಅಣ್ಣ.”

“ಹುಡ್ಕ್.”

ಅವಳು ಫೋನು ತೆಗೆದಳು. ಬೆರಳು ತಪ್ಪು ಅಕ್ಷರಗಳನ್ನು ಒತ್ತಿತು, ಅಳಿಸಿ ಮತ್ತೆ ಒತ್ತಿದಳು. ಹುಡುಕಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಲೋಕದ ಎಲ್ಲ ಡಾಕ್ಟರುಗಳೂ ಅದನ್ನೇ ಬರೆದಿಟ್ಟುಕೊಂಡು ಅವಳು ಕೇಳುವುದನ್ನೇ ಕಾಯುತ್ತಿದ್ದ ಹಾಗಿತ್ತು. ಅಮ್ಮ ದೀಪ ಹಚ್ಚದೆ ಹೊಸ್ತಿಲಿಗೆ ಬಂದು ನಿಂತಿದ್ದಳು.

“ಮೂವತ್ನಾಲ್ಕಕ್ಕೆ ಎಷ್ಟ್?” ಎಂದ ಚಂದ್ರ.

“ಮೂವತ್ತೈದಕ್ಕಿಂತ ಕಮ್ಮಿ ಇದ್ದರಿಗೆ... ಅರ್ಧ ಜನ ಒಂದ್ ವರ್ಷ ದಾಟ್ಲಿಲ್ಲ ಅಂಬ್ರ್.”

“ಅದ್ ಯಾವಾಗ ಬರ್ದದ್?”

ಅವಳು ಕೆಳಗೆ ನೋಡಿದಳು. “ಆರ್ ವರ್ಷ ಆಯ್ತ್.”

“ಹಾಂಗಾರೆ ಸುರುವಿಗೇ ಗೊತ್ತಾತಿತ್ತ್.” ಅವನು ಕಡಲಿನ ಕಡೆಗೆ ತಿರುಗಿದ. ಮಾತು ಒಂದೊಂದು ಉಸಿರಿಗೆ ಎರಡೆರಡಾಗಿ ಬಂತು. “ಮದ್ದಿನ್ ಮಾತ್ ಬಿಡ್. ಎರಡ್ ಮಳೆಗಾಲ ನಾನ್ ಸೂರನ್ ಕಾಯ್ಸ್ದೆ. ಈ ಸಲ ಬತ್ತೆ, ಈ ಸಲ ಬತ್ತೆ ಅಂದೇಳಿ. ಅವ ಬೇರೆ ದೋಣಿ ಹತ್ಲಿಲ್ಲ. ಇವ್ಳಿಗೆ ಒಂದ್ ಮಾತ್ ಹೇಳ್ಲಿಲ್ಲ, ನಾನಿಲ್ದಿರೆ ಎಂತ ಮಾಡ್ಕ್ ಅಂದೇಳಿ. ನೀ ವಾರ ವಾರ ಎಂತ ಬರ್ಲಿಲ್ಲ ಅಂತಿದ್ದೆ. ಕೆಟ್ಟದ್ ಎಂತ ಬರ್ಲಿಲ್ಲ ಅಂದೇಳಿ ಕೇಂಡೆ ನಾನ್.”

ಸೂರ ಅವನ ಜೊತೆಗಾರ. ಹದಿನೆಂಟು ವರ್ಷ ಒಂದೇ ದೋಣಿಯ ಎರಡು ತುದಿ ಹಿಡಿದವನು. ಈಗ ದಿನಾ ಸಂಜೆ ಬೇಲಿಯ ಆಚೆಯಿಂದ “ಹ್ವಾಯ್, ಹ್ಯಾಂಗಿತ್ತ್?” ಎಂದು ಕೂಗಿ ಹೋಗುವವನು.

“ಬೈ ಅಣ್ಣ ನಂಗೆ” ಎಂದಳು ಶ್ರೀಲತಾ.

“ಬೈವುಕೆ ಉಸ್ರ್ ಇಲ್ಲ,” ಎಂದ ಚಂದ್ರ. ಅವನ ಮುಖದಲ್ಲಿ ಸಿಟ್ಟು ಹುಡುಕಿದಳು. ಅದು ಇದ್ದಿದ್ದರೆ ಹಿಡಿದುಕೊಂಡು ನಿಲ್ಲಬಹುದಿತ್ತು. ಇದ್ದದ್ದು ಲೆಕ್ಕ. ಅವನು ಬೆರಳ ಗೆಣ್ಣುಗಳ ಮೇಲೆ ತಿಂಗಳು ಎಣಿಸುತ್ತಿದ್ದ, ದೋಣಿ ಇಳಿಯುವ ತಿಂಗಳಿನಿಂದ ದೋಣಿ ಇಳಿಯುವ ತಿಂಗಳಿಗೆ, ಮತ್ತು ಹನ್ನೊಂದನೆಯ ಗೆಣ್ಣಿನ ಮೇಲೆ ಹೆಬ್ಬೆರಳು ನಿಂತಿತು, ಹನ್ನೆರಡಕ್ಕೆ ದಾಟಲಿಲ್ಲ. ಆಮೇಲೆ ಹೆಂಡತಿಯನ್ನು ಕರೆದ. “ಪುಷ್ಪಾ, ಸೂರಂಗೆ ನಾಳೆ ಬಪ್ಪುಕೆ ಹೇಳ್.” ಅಮ್ಮ ಒಳಗೆ ಹೋಗಿ ದೀಪ ಹಚ್ಚಿದಳು. ಬೆಳಕು ಬಂದ ಮೇಲೂ ಯಾರೂ ಕೈಮುಗಿದು ಏಳಲಿಲ್ಲ.

ಭಾನುವಾರ ಸೂರ ಬಂದ. ಅಣ್ಣ ಅವನ ಹತ್ತಿರ ಏನು ಹೇಳಿದನೆಂದು ಅವಳಿಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಧೈರ್ಯವೂ ಇರಲಿಲ್ಲ. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು; ಬೇಕಾದದ್ದು ಒಂದು ಕಡಿ, ಮೂರು ಕಡಿ ತುರಿದಿದ್ದಳು. ಅಮ್ಮ ಅವಳ ಪಕ್ಕದಲ್ಲೇ ಕೂತು ಮೆಣಸು ಹುರಿದಳು, ಬಡಿಸಿದಳು, ಲೋಟ ಸರಿಸಿದಳು. ಮುಖ ನೋಡಲಿಲ್ಲ. ಈಗ ತನ್ನ ಪಾಲಿನ ತುಂಡನ್ನು ಎತ್ತಿ ಹಾಕಲು ಯಾರೂ ಇರಲಿಲ್ಲ. ಅವನು ಜಗಲಿಯಲ್ಲೇ ಎರಡು ತುತ್ತು ಉಂಡು ಸಾಕು ಎಂದಿದ್ದ. ಮಧ್ಯಾಹ್ನ ಅವಳು ಖಾತೆ ತೆರೆದು ಆ ಮೂರು ನಾಟ್ ಇಲ್ಲದ ಹುಡುಕಾಟವನ್ನೇ ಉಳಿಸಿದಳು. ಅದೇ ಹೆಸರು ಇಡಬೇಕೇ ಎಂದು ಕೇಳಿತು. ಹೌದು ಎಂದು ಒತ್ತಿದಳು.

ಸೋಮವಾರ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಬಂದಾಗ ತೆಂಗಿನ ಮರಗಳ ಕೆಳಗೆ ನಾಲ್ಕು ಜನ ಇದ್ದರು. ಸೂರ ದೋಣಿಯ ಮೇಲಿನ ಗರಿಗಳನ್ನು ಒಂದೊಂದಾಗಿ ತೆಗೆದು ಬದಿಗೆ ಹಾಕುತ್ತಿದ್ದ. ಎರಡು ವರ್ಷದ ಗರಿ, ಮುಟ್ಟಿದರೆ ಪುಡಿ. ಚಂದ್ರ ಕುರ್ಚಿಯಿಂದಲೇ ನೋಡುತ್ತಿದ್ದ. ದೋಣಿ ಅಲುಗಿದಾಗ ಅವನ ಹೆಗಲೂ ಸ್ವಲ್ಪ ಅಲುಗಿತು, ಎತ್ತುವವನ ಹೆಗಲಿನಂತೆ. ಅವಳು ಮೆಟ್ಟಿಲಿಳಿದು ಅಂಗಳದ ನಡುವೆ ನಿಂತಳು. ಇಷ್ಟು ವರ್ಷ ನಿಂತು ಹೇಳಿದ್ದಿಲ್ಲ, ನಡೆಯುತ್ತಲೇ ಹೇಳಿ, ನಡೆಯುತ್ತಲೇ ಉತ್ತರ ತೆಗೆದುಕೊಂಡು ಹೋಗುತ್ತಿದ್ದಳು.

“ಬತ್ತೆ ಅಣ್ಣ” ಎಂದಳು.

ಮಿಷನ್ನಿನ ಸದ್ದು. ಆಚೆ ದೋಣಿ ನೂಕುವವರ ಕೂಗು. ಹೈವೇಯಲ್ಲಿ ಅವಳ ಬಸ್ಸು ಹಾರ್ನ್ ಹಾಕಿತು. ಅವನು ದೋಣಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಆ ನೋಟದಲ್ಲಿ ಹದಿನಾಲ್ಕರ ಹುಡುಗ ಎಲ್ಲಾದರೂ ಇದ್ದಾನೆಯೇ ಎಂದು ಅವಳು ಕಾದಳು.

“ಹೋಗ್” ಎಂದ ಚಂದ್ರ.